ಟಾಪ್ ಮಾಡೆಲ್ಲೂ ಅಪ್ಪನ ರುಮಾಲೂ

ಗುಳೇದಗುಡ್ಡದಲ್ಲಿ ಮಹಾಂತೇಶ ಎಂಬ ಖಣದ ವ್ಯಾಪಾರಿ ಇದ್ದ. ಖಣ ಎಂದರೆ ಗೊತ್ತಲ್ಲ, ನಮ್ಮ ಕಡೆಯ ಹೆಣ್ಣುಮಕ್ಕಳು ಕುಬಸ, ಅಂದರೆ ರವಿಕೆ, ಹೊಲಿಸಿಕೊಳ್ಳುವ ಅಂಚಿನ ಬಟ್ಟೆ. ಅವನ ಅಂಗಡಿ ದೊಡ್ಡದೇನಲ್ಲ. ಆದರೆ ಅಲ್ಲಿ ಒಮ್ಮೆ ಖಣ ಕೊಂಡವರು ಮತ್ತೊಂದು ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಮಹಾಂತೇಶ ಗಿರಾಕಿಯ ಮಾತಿಗಿಂತ ಗಿರಾಕಿಯ ಕೈಯನ್ನು ನಂಬುತ್ತಿದ್ದ.

"ಇದ ಚಲೋ ಐತ್ರಿ, ಇದನ್ನ ಕತ್ತರಿಸ್ರಿ" ಎಂದು ಯಾವುದೋ ಹೆಣ್ಣುಮಗಳು ಹೇಳುತ್ತಾಳೆ. ಆದರೆ ಅವಳ ಬೆರಳು ಪಕ್ಕದ ಹಸಿರು ಖಣದ ಅಂಚನ್ನು ಸವರುತ್ತಿರುತ್ತದೆ. ಆಗ ಮಹಾಂತೇಶ ಕತ್ತರಿ ಕೆಳಗಿಡುತ್ತಿದ್ದ. "ಅಕ್ಕಾರ, ನಿಮ್ಮ ಬಾಯಿ ಒಂದು ಹೇಳತೈತಿ, ಕೈ ಒಂದು ಹೇಳತೈತಿ" ಎಂದು ನಕ್ಕು ಹಸಿರನ್ನೇ ಬಿಚ್ಚುತ್ತಿದ್ದ. ಒಮ್ಮೆ ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ, ಅದಕ್ಕೇ ಮೊದಲು ಕೈ ನೋಡು ಎಂಬ ಬುದ್ಧಿಯನ್ನು ಅವನಿಗೆ ಕಲಿಸಿದವರು ತಂದೆ ಗುರುಪಾದಪ್ಪನವರು.

ಗುರುಪಾದಪ್ಪನವರಿಗೆ ಎಪ್ಪತ್ತೆಂಟು ವರ್ಷ. ಎತ್ತರದ ಆಳು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಕನ್ನಡಿಯ ಮುಂದೆ ನಿಂತು ತಲೆಗೆ ಬಿಳಿ ರುಮಾಲು ಸುತ್ತಿದರೆ, ಅದು ಕೆಳಗಿಳಿಯುವುದು ರಾತ್ರಿ ಮಲಗುವಾಗಲೇ. ಆ ಕಡೆ ಅವರ ವಯಸ್ಸಿನವರು ಬರಿತಲೆಯಲ್ಲಿ ಬೀದಿಗೆ ಬಂದರೆ "ಯಾರ ಮನ್ಯಾಗ ಏನಾತು?" ಎಂದು ಜನ ಗಾಬರಿಯಾಗುತ್ತಾರೆ. ಹೆಂಡತಿ ತೀರಿಕೊಂಡ ದಿನ ಒಂದನ್ನು ಬಿಟ್ಟರೆ ಅವರನ್ನು ಬರಿತಲೆಯಲ್ಲಿ ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಅಷ್ಟೇ ಅಲ್ಲ, ಸುತ್ತಲಿನ ಊರುಗಳಲ್ಲಿ ಮದುವೆ ಇದ್ದರೆ ಮದುಮಗನ ತಲೆಗೆ ರುಮಾಲು ಸುತ್ತಲು ಇವರಿಗೇ ಕರೆ ಬರುತ್ತಿತ್ತು. ಇವರು ಸುತ್ತಿದ ರುಮಾಲು ಮೆರವಣಿಗೆಯಲ್ಲಿ ಕುಣಿದರೂ ಅಲುಗುವುದಿಲ್ಲ ಎಂಬ ಹೆಸರಿತ್ತು.

ಅಂಥ ಮನೆಯವರು ಈಗ ಕಾರು ಕೊಳ್ಳಲು ಹೊರಟಿದ್ದರು. ಇದ್ದ ಹಳೆಯ ಸಣ್ಣ ಕಾರು ಸವೆದು ಹೋಗಿತ್ತು. ಮುಂದಿನ ತಿಂಗಳು ಕೆರೂರಿನಲ್ಲಿ ಗುರುಪಾದಪ್ಪನವರ ತಂಗಿಯ ಮೊಮ್ಮಗನ ಮದುವೆ. ಅಜ್ಜನೇ ಬಂದು ರುಮಾಲು ಸುತ್ತಬೇಕೆಂದು ಆ ಹುಡುಗ ಹಟ ಹಿಡಿದಿದ್ದ. ಹೊಸ ಗಾಡಿಯಲ್ಲಿ ತಂದೆಯನ್ನು ಕೂಡಿಸಿಕೊಂಡು ಆ ಮದುವೆಗೆ ಹೋಗಬೇಕು ಎಂಬುದು ಮಹಾಂತೇಶನ ಆಸೆ.

ಅವನು ಒಂದು ಸಣ್ಣ ಎಸ್‌ಯುವಿ ಆರಿಸಿದ್ದ. ಆರಿಸಿದ್ದ ಎಂದರೆ ಮೂರು ತಿಂಗಳು ಊಟದ ತಟ್ಟೆಯ ಪಕ್ಕದಲ್ಲೂ ಮೊಬೈಲ್ ಇಟ್ಟುಕೊಂಡು ವಿಡಿಯೋ ನೋಡಿದ್ದ. ಒಂದೇ ಗಾಡಿ, ಆದರೆ ಅದರಲ್ಲಿ ಆರು ಮಾಡೆಲ್. ಕೆಳಗಿನ ನಾಲ್ಕನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಉಳಿದದ್ದು ಮೇಲಿನ ಎರಡು: ಟಾಪ್ ಮಾಡೆಲ್, ಅದರ ಕೆಳಗಿನ ಸೆಕೆಂಡ್ ಟಾಪ್. ಎರಡಕ್ಕೂ ಅದೇ ಎಂಜಿನ್, ಅಷ್ಟೇ ಏರ್‌ಬ್ಯಾಗ್, ಹಿಂದೆ ನೋಡುವ ಅದೇ ಕ್ಯಾಮೆರಾ. ಟಾಪ್‌ಗೆ ಹೆಚ್ಚಿಗೆ ಇದ್ದದ್ದು ತಣ್ಣನೆ ಗಾಳಿ ಊದುವ ಸೀಟು, ಬಾಗಿಲಿಗೆ ಬಣ್ಣದ ದೀಪ, ಮುಖ್ಯವಾಗಿ ನೆತ್ತಿಯ ಮೇಲೆ ಉದ್ದಕ್ಕೂ ತೆರೆದುಕೊಳ್ಳುವ ಗಾಜಿನ ಸನ್‌ರೂಫ್.

"ಆ ಗಾಜಿಗೆ ಒಂದೂವರೆ ಲಕ್ಷ ಹೆಚ್ಚಿಗೆ ಯಾಕ್ರಿ? ಆಕಾಶ ನಮ್ಮ ಅಂಗಳದಾಗ ಪುಕ್ಕಟೆ ಕಾಣತೈತಿ" ಎಂದಳು ಹೆಂಡತಿ ಸುವರ್ಣಾ.

"ತೊಗೊಳ್ಳೋದು ಒಮ್ಮೆ. ಆಮ್ಯಾಲೆ ಅಯ್ಯೋ ಅನ್ನಬಾರದು" ಎಂದ ಮಹಾಂತೇಶ. ಒಂಬತ್ತು ವರ್ಷದ ಮಗಳು ಸಂಪದಾ ಅಪ್ಪನ ಪಕ್ಷ. ಗಾಡಿಯಲ್ಲಿ ಮಲಗಿ ಮೋಡ ನೋಡುವುದಾಗಿ ಅವಳು ತನ್ನ ತರಗತಿಗೆಲ್ಲ ಸಾರಿಬಿಟ್ಟಿದ್ದಳು.

ಶನಿವಾರ ನಾಲ್ವರೂ ಬಾಗಲಕೋಟೆಯ ಶೋರೂಮಿಗೆ ಹೋದರು. ಅಲ್ಲಿ ನದಾಫ ಎಂಬ ಮಧ್ಯವಯಸ್ಸಿನ ಸೇಲ್ಸ್‌ಮನ್ ಇದ್ದ. ಮೆತ್ತಗಿನ ಮಾತಿನವನು. ಟಾಪ್ ಮಾಡೆಲ್ಲನ್ನೇ ಟ್ರಯಲ್‌ಗೆ ತೆಗೆದ. ಮಹಾಂತೇಶ ಸ್ಟೀರಿಂಗ್ ಹಿಡಿದ, ನದಾಫ ಪಕ್ಕದಲ್ಲಿ ಕುಳಿತ. ಹಿಂದೆ ಸುವರ್ಣಾ, ನಡುವೆ ಸಂಪದಾ, ಆಚೆ ಕಿಟಕಿಯ ಬಳಿ ಗುರುಪಾದಪ್ಪನವರು.

ಅವರು ಒಳಗೆ ಕುಳಿತಾಗಲೇ ರುಮಾಲು ಚಾವಣಿಗೆ ತಾಗಿತು. ಸ್ವಲ್ಪ ಜಾರಿ ಕುಳಿತರು. ಆಗ ಮೊಣಕಾಲು ಮುಂದಿನ ಸೀಟಿಗೆ ಒತ್ತಿತು. ಮತ್ತೆ ನೆಟ್ಟಗಾದರು. ರಸ್ತೆಯ ಮೊದಲ ಹಂಪ್ ಬಂದಾಗ ರುಮಾಲು ಹಣೆಯ ಮೇಲಿಳಿದು ಕಣ್ಣು ಮುಚ್ಚಿತು. ಸುವರ್ಣಾ, ಸಂಪದಾ ಇಬ್ಬರೂ ತೆರೆದುಕೊಳ್ಳುತ್ತಿದ್ದ ಗಾಜನ್ನೇ ನೋಡುತ್ತಿದ್ದರು. ಮಹಾಂತೇಶ ಪರದೆಯ ಮೇಲಿನ ಬಟನ್ ಒತ್ತುವುದರಲ್ಲಿದ್ದ. ಮುದುಕರು ಸದ್ದಿಲ್ಲದೆ ಎರಡೂ ಕೈಯಿಂದ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಬರಿತಲೆಗೂ ಚಾವಣಿಗೂ ನಡುವೆ ಒಮ್ಮೆ ಕೈಯಿಟ್ಟು ನೋಡಿದರು. ನಾಲ್ಕು ಬೆರಳು ಹಿಡಿಸಿತು.

"ಮಾವಾರ, ರುಮಾಲು ಯಾಕ ತಗದ್ರಿ?" ಎಂದು ಸುವರ್ಣಾ ಮೆಲ್ಲಗೆ ಕೇಳಿದಳು.

"ಸೆಕಿ ಆತವಾ" ಎಂದರು. ಏಸಿ ಜೋರಾಗಿಯೇ ಓಡುತ್ತಿತ್ತು. ಆದರೆ ಸಂಪದಾ "ಅವ್ವಾ, ಹಕ್ಕಿ" ಎಂದಳು, ಸುವರ್ಣಾ ಮೇಲೆ ನೋಡಿದಳು, ಮಾತು ಅಲ್ಲಿಗೆ ನಿಂತಿತು.

ಗಾಡಿ ಶೋರೂಮಿಗೆ ಮರಳುವ ಮೊದಲೇ ಅವರು ರುಮಾಲನ್ನು ತಲೆಯ ಮೇಲೆ ಕೂರಿಸಿ ಬಾಗಿ ಕುಳಿತಿದ್ದರು. ಇಳಿದ ಮೇಲೆ ಮಹಾಂತೇಶ ಕೇಳಿದ: "ಅಪ್ಪಾ, ಹೆಂಗನಸ್ತು? ನೀ ಹೂಂ ಅಂದ್ರ ಬುಕ್ ಮಾಡತೀನಿ."

"ಭಾಳ ಚಲೋ ಐತಿ ತಮ್ಮಾ. ಇದನ್ನ ತೊಗೊ" ಎಂದರು ಗುರುಪಾದಪ್ಪನವರು. ಹೇಳುವಾಗ ಅವರ ಕೈ ರುಮಾಲಿನ ಸುಕ್ಕನ್ನು ಸರಿಮಾಡುತ್ತಿತ್ತು.

ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಊರ ಹೆಂಗಸರ ಕೈ ಓದುತ್ತಿದ್ದ ಮಹಾಂತೇಶ ತನ್ನ ತಂದೆಯ ಕೈ ನೋಡಲಿಲ್ಲ. ಬಾಯಿಯ ಮಾತು ಕೇಳಿದ, ಖುಷಿಯಿಂದ ಫಾರಂಗೆ ಸಹಿ ಮಾಡಿದ. ಅವನನ್ನು ಬೈಯಬೇಡಿ. ಖುಷಿಯಲ್ಲಿರುವವರಿಗೆ ಕಣ್ಣು ಸ್ವಲ್ಪ ಕಡಿಮೆಯೇ ಕಾಣುತ್ತದೆ.

ಸೋಮವಾರ ಅಂಗಡಿಗೆ ಹೊರಟ ಮಗನನ್ನು ಗುರುಪಾದಪ್ಪನವರು ಕರೆದರು. "ಬರುವಾಗ ನನಗೊಂದು ಬಿಳಿ ಟೊಪ್ಪಿಗಿ ತೊಗೊಂಡು ಬಾ."

ಮಹಾಂತೇಶನಿಗೆ ನಗು ಬಂತು. "ಅರವತ್ತು ವರ್ಷ ರುಮಾಲು ಸುತ್ತಿದಾಂವ ಈಗ ಟೊಪ್ಪಿಗಿ ಹಾಕತೀಯೇನಪಾ?"

"ವಯಸ್ಸಾತು. ಭಾರ ಆಗತೈತಿ" ಎಂದರು ಅವರು, ಮುಖ ತಿರುಗಿಸಿ.

ಮಧ್ಯಾಹ್ನ ಊಟಕ್ಕೆ ಬರುವಾಗ ಮಹಾಂತೇಶ ಟೊಪ್ಪಿಗೆ ತಂದುಕೊಟ್ಟ. ಕೈಕಾಲು ತೊಳೆದು ಒಳಗೆ ಬರುತ್ತಿದ್ದವನು ತಂದೆಯ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ. ಗುರುಪಾದಪ್ಪನವರು ಮಂಚದ ಮೇಲೆ ಕುಳಿತು ಕನ್ನಡಿ ಹಿಡಿದಿದ್ದರು. ತಲೆಯ ಮೇಲೆ ಟೊಪ್ಪಿಗೆ. ಅದರ ಎತ್ತರಕ್ಕೆ ಬೆರಳು ಹಚ್ಚಿ ಅಳೆದರು. ಮೂರು ಬೆರಳು. ನಾಲ್ಕನೆಯ ಬೆರಳನ್ನು ಟೊಪ್ಪಿಗೆಯ ಮೇಲೆ ಅಡ್ಡ ಇಟ್ಟು ತಮ್ಮಷ್ಟಕ್ಕೆ ಹೇಳಿಕೊಂಡರು: "ಹಿಡಸತೈತಿ. ಇನ್ನ ಒಂದು ಬೆರಳು ಉಳಿತೈತಿ."

ಅಳತೆಯಲ್ಲೇ ಬದುಕಿದ ಮನೆ ಅದು. ಆ ಬೆರಳುಗಳು ಏನನ್ನು ಅಳೆಯುತ್ತಿವೆ ಎಂದು ಮಹಾಂತೇಶನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಕ್ಕದಲ್ಲಿ ಮೊಳೆಗೆ ತೂಗಿಹಾಕಿದ್ದ ರುಮಾಲು ನೋಡಿದ. ಅದರ ಎತ್ತರ ಐದು ಬೆರಳು. ಆ ಗಾಡಿಯಲ್ಲಿ ಅದು ಹಿಡಿಸುವುದಿಲ್ಲ.

ಒಳಗೆ ಹೋಗಿ ತಂದೆಯ ಕಾಲ ಬಳಿ ನೆಲದ ಮೇಲೆ ಕುಳಿತ.

"ಅಪ್ಪಾ, ಮೊನ್ನೆ ಗಾಡ್ಯಾಗ ರುಮಾಲು ತಗದಿದ್ದಿ ಏನು?"

"ಸೆಕಿ ಆಗಿತ್ತೋ."

"ಖರೇ ಹೇಳು."

ಗುರುಪಾದಪ್ಪನವರು ಕನ್ನಡಿಯನ್ನು ಬೋರಲಾಗಿ ಇಟ್ಟರು. "ಮೂರು ತಿಂಗಳ ನೀ ಆ ಗಾಜು ನೋಡಿದಿ. ಕೂಸೂ ಆಸೆ ಮಾಡೈತಿ. ನೀವು ಇನ್ನ ಹತ್ತಿಪ್ಪತ್ತು ವರ್ಷ ಆ ಗಾಡ್ಯಾಗ ಅಡ್ಡಾಡೋರು. ನಾ ಎಷ್ಟು ದಿನ ಕೂಡತೀನಿ? ನನ್ನ ತಲಿಗೆ ಟೊಪ್ಪಿಗಿ ನಡಿತೈತಿ ತಮ್ಮಾ."

"ಮದುವ್ಯಾಗ ಮದುಮಗನಿಗೆ ರುಮಾಲು ಸುತ್ತಾಂವ ಟೊಪ್ಪಿಗಿ ಹಾಕ್ಕೊಂಡು ಹೋಗತೀಯೇನು?"

ಗುರುಪಾದಪ್ಪನವರ ಕೈ ತಾನಾಗಿಯೇ ಟೊಪ್ಪಿಗೆಯನ್ನು ಎಳೆದು ಸರಿಮಾಡಿತು. ಈ ಸಲ ಮಹಾಂತೇಶ ಕೈಯನ್ನು ನೋಡಿದ. ಅದು ಟೊಪ್ಪಿಗೆಯ ಮೇಲೆ ರುಮಾಲಿನ ಮಡಿಕೆ ಹುಡುಕುತ್ತಿತ್ತು. ಅವನಿಗೆ ಅಳು ತಡೆಯಲಾಗಲಿಲ್ಲ. ನಲವತ್ತಾರು ವರ್ಷದ ಗಂಡಸು ತಂದೆಯ ಮೊಣಕಾಲಿಗೆ ಹಣೆ ಹಚ್ಚಿ ಕುಳಿತ.

ಮರುದಿನ ಅಪ್ಪ, ಮಗ ಇಬ್ಬರೇ ಬಾಗಲಕೋಟೆಗೆ ಹೋದರು. ಮಹಾಂತೇಶ ಸಂಕೋಚಪಡುತ್ತಲೇ ಹೇಳಿದ: "ನದಾಫ ಅವರ, ತಪ್ಪು ತಿಳಕೋಬ್ಯಾಡ್ರಿ. ಟಾಪ್ ಬಿಟ್ಟು ಸೆಕೆಂಡ್ ಟಾಪ್ ಮಾಡಬೇಕಿತ್ತು. ಫಾರಂ ಮುಂದ ಹೋಗೇತೇನ್ರಿ?"

ನದಾಫ ಮೇಜಿನ ಡ್ರಾವರ್ ಎಳೆದ. ಸಹಿ ಮಾಡಿದ ಫಾರಂ ಅಲ್ಲೇ ಇತ್ತು. "ಕಳಿಸಿಲ್ರಿ. ಅವತ್ತು ಗಾಡ್ಯಾಗ ಅಜ್ಜಾರು ರುಮಾಲು ತಗದದ್ದನ್ನ ಮುಂದಿನ ಕನ್ನಡ್ಯಾಗ ನಾ ನೋಡಿದ್ದೆ. ಹೇಳೋಣು ಅಂತ ಬಾಯಿ ತಗದ್ರ ಅಜ್ಜಾರು ಬ್ಯಾಡ ಅಂತ ಕೈ ಮಾಡಿದ್ರು. ಹಿರ್ಯಾರ ಮಾತು ಮೀರಾಕ ಆಗಲಿಲ್ಲ. ಫಾರಂ ಕಳಸಾಕೂ ಮನಸ್ಸು ಬರಲಿಲ್ಲ. ಎರಡು ದಿನ ನೋಡೋಣು, ಮಗ ಬಂದ್ರ ಬರಬಹುದು ಅಂತ ಇಟ್ಕೊಂಡೆ." ಆಮೇಲೆ ನಗುತ್ತ ಸೇರಿಸಿದ: "ನಮ್ಮ ಅಬ್ಬಾನೂ ರುಮಾಲಿನವರೇ ಇದ್ದರ್ರಿ."

ಅವನು ಸೆಕೆಂಡ್ ಟಾಪ್ ಗಾಡಿಯ ಹಿಂದಿನ ಬಾಗಿಲು ತೆರೆದ. ಸನ್‌ರೂಫಿನ ಗಾಜು ಸರಿಯಲು ಜಾಗ ಬೇಕಲ್ಲ, ಅದಕ್ಕೆ ಟಾಪ್ ಮಾಡೆಲ್ಲಿನ ಒಳಚಾವಣಿ ಎರಡು ಬೆರಳು ತಗ್ಗು ಎಂದು ವಿವರಿಸಿದ. ಇದಕ್ಕೆ ಆ ತೊಂದರೆ ಇರಲಿಲ್ಲ. ಗುರುಪಾದಪ್ಪನವರು ರುಮಾಲಿನ ಸಮೇತ ಒಳಗೆ ಕುಳಿತರು. ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ, ಮದುವೆಯ ಹಂದರದಲ್ಲಿ ಕುಳಿತಂತೆ. ಮಹಾಂತೇಶ ಬಗ್ಗಿ ರುಮಾಲಿನ ಮೇಲೆ ತನ್ನ ಬೆರಳು ತೂರಿಸಿದ. ಒಂದು ಬೆರಳು ಸಲೀಸಾಗಿ ಹೋಯಿತು.

"ಕೂಸು ಅಳತೈತೋ" ಎಂದರು ಅವರು, ಒಳಗಿನಿಂದಲೇ.

"ಅಳಲಿ ಬಿಡಪಾ. ನಾನೂ ನಿನ್ನೆ ಅತ್ತೀನಿ" ಎಂದ ಮಹಾಂತೇಶ.

ಸಂಪದಾ ಅತ್ತದ್ದು ನಿಜ. ಮೋಡದ ಸುದ್ದಿ ತರಗತಿಗೆಲ್ಲ ಗೊತ್ತಾಗಿತ್ತಲ್ಲ, ಈಗ ಮುಖ ಹೇಗೆ ತೋರಿಸುವುದು? ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅಜ್ಜನ ಕೋಣೆಯಲ್ಲಿ ಆ ಟೊಪ್ಪಿಗೆ ಸಿಕ್ಕಿತು. ತಾನು ಹಾಕಿಕೊಂಡು ನೋಡಿದಳು, ಅಜ್ಜನ ತಲೆಗೆ ಹಾಕಿ ನೋಡಿದಳು. "ಅಜ್ಜಾ, ಇದರಾಗ ನೀ ಮತ್ತ್ಯಾರೋ ಆಗತಿ" ಎಂದು ತೆಗೆದು ತನ್ನ ಬೊಂಬೆಗೆ ಕೊಟ್ಟಳು. ಆದರೂ ಅಪ್ಪನ ಮೇಲಿನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಮಕ್ಕಳ ಸಿಟ್ಟಿಗೂ ಒಂದು ಮರ್ಯಾದೆ ಇರುತ್ತದೆ, ಅದು ತನ್ನ ಹೊತ್ತಿಗೇ ಇಳಿಯಬೇಕು.

ಮದುವೆಗೆ ನಾಲ್ಕು ದಿನ ಮೊದಲು ಗಾಡಿ ಮನೆಗೆ ಬಂತು. ಕಾಯಿ ಒಡೆದು ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿದರು. ಮದುವೆಯ ದಿನ ಗುರುಪಾದಪ್ಪನವರು ಮಡಿಕೆ ಮುರಿಯದ ಹೊಸ ರುಮಾಲು ತೆಗೆದು ಎಂದಿಗಿಂತ ಹೆಚ್ಚು ಹೊತ್ತು ಕನ್ನಡಿಯ ಮುಂದೆ ನಿಂತರು. ಕೆರೂರಿನಲ್ಲಿ ಗಾಡಿ ನಿಂತಾಗ ಹಂದರದ ಜನರೆಲ್ಲ ತಿರುಗಿ ನೋಡಿದರು. ಗಾಡಿ ಯಾವ ಮಾಡೆಲ್ ಎಂದು ಒಬ್ಬರೂ ಕೇಳಲಿಲ್ಲ. ಬಾಗಿಲು ತೆರೆದು ಮೊದಲು ಬಿಳಿ ರುಮಾಲು ಹೊರಬಂತು, ಆಮೇಲೆ ಅಜ್ಜ ಬಂದರು. "ಬಂದ್ರು, ಬಂದ್ರು, ರುಮಾಲು ಸುತ್ತೋರು ಬಂದ್ರು" ಎಂದು ಮದುಮಗನೇ ಬರಿಗಾಲಲ್ಲಿ ಓಡಿಬಂದು ಕಾಲಿಗೆರಗಿದ. ಅವನ ತಲೆಗೆ ಸುತ್ತು ಸುತ್ತಾಗಿ ರುಮಾಲು ಏರಿಸುವಾಗ ಗುರುಪಾದಪ್ಪನವರ ಕೈ ಪ್ರತಿ ಮಡಿಕೆಯನ್ನೂ ಒತ್ತಿ ಕೂರಿಸಿತು. ಮಹಾಂತೇಶ ಕಂಬಕ್ಕೆ ಒರಗಿ ಅದನ್ನೇ ನೋಡುತ್ತ ನಿಂತ.

ಸಂಜೆ ತಿರುಗಿ ಬರುವಾಗ ಸಂಪದಾ ಅಜ್ಜನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕಿಟಕಿಯಲ್ಲಿ ಮೋಡ ಓಡುತ್ತಿದ್ದವು. ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಿಲ್ಲ, "ಅಪ್ಪಾ, ಇಲ್ಲಿಂದನೂ ಕಾಣತಾವು" ಎಂದಳು. ಮಹಾಂತೇಶ ಕನ್ನಡಿಯತ್ತ ನೋಡಿದ. ಹಿಂದಿನ ರಸ್ತೆ ಅರ್ಧವೂ ಕಾಣುತ್ತಿರಲಿಲ್ಲ, ನಡುವೆ ರುಮಾಲು ತುಂಬಿತ್ತು.

"ಅಡ್ಡ ಬರತೈತೇನೋ ತಮ್ಮಾ? ಸರಕೊಳ್ಳಲೇನು?" ಎಂದು ತಂದೆ ಕೇಳಿದರು.

"ಬ್ಯಾಡಪಾ. ನೀ ನೆಟ್ಟಗ ಕೂಡು" ಎಂದ ಮಗ, ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿದ.

ನೀತಿ: ನಮ್ಮನ್ನು ಪ್ರೀತಿಸುವವರು ನಮ್ಮ ಆಸೆಗೆ ತಕ್ಕಂತೆ ತಮ್ಮನ್ನೇ ಸಣ್ಣದು ಮಾಡಿಕೊಂಡು "ನನಗ ನಡಿತೈತಿ" ಎನ್ನುತ್ತಾರೆ. ಏನನ್ನಾದರೂ ಕೊಳ್ಳುವಾಗ ಅದರಲ್ಲಿ ಏನೇನಿದೆ ಎಂದು ಎಣಿಸುವ ಮೊದಲು, ಅದರೊಳಗೆ ನಮ್ಮವರು ನೆಟ್ಟಗೆ ಕೂಡಬಲ್ಲರೇ ಎಂದು ನೋಡಿ. ಅವರ ಬಾಯಿಯ ಮಾತು ಕೇಳಿ ಸುಮ್ಮನಾಗಬೇಡಿ, ಕೈಯನ್ನೂ ನೋಡಿ.