ಗೇಟು ಕಾದ ಬ್ಯಾಟಪ್ಪ

ಕೇಳೋರಿಗೆ ಕಿವಿ ಎರಡು, ಹೇಳೋರಿಗೆ ಬಾಯಿ ಒಂದು. ಅದಕ್ಕೇ ಸಾವಕಾಶವಾಗಿ ಕೇಳಿ.

ಸಾದಲಕುಂಟೆ ಅಂತ ಒಂದು ಊರು. ಆ ಊರಿನ ಹೈಸ್ಕೂಲಿನಲ್ಲಿ ಬಿಸಿಯೂಟ ಬೇಯಿಸೋಳು ಪಿಳ್ಳಮ್ಮ. ಅವಳಿಗೊಬ್ಬನೇ ಮಗ, ಬ್ಯಾಟಪ್ಪ. ಆಳು ಆರಡಿ, ಮನಸ್ಸು ಹಾಲು, ತಲೆ ಮಾತ್ರ ಟೋಪಿ ಇಡೋಕೆ ಅಂತ ದೇವರು ಕೊಟ್ಟಿದ್ದು. "ಬಾಗಿಲು ನೋಡ್ಕೊಂಡಿರು ಮಗಾ" ಅಂತ ಒಂದು ದಿನ ಪಿಳ್ಳಮ್ಮ ನೀರಿಗೆ ಹೋದಳು. ಬರೋ ಹೊತ್ತಿಗೆ ನಾಯಿ ಒಳಗೆ ನುಗ್ಗಿ ಮುದ್ದೆಯನ್ನೆಲ್ಲ ತಿಂದು ಆಚೆ ಬರ್ತಾ ಇತ್ತು. ಮಗ ಹೊಸ್ತಿಲ ಮುಂದೆ ಕೂತು ಬಾಗಿಲನ್ನೇ ನೋಡ್ತಾ ಇದ್ದ.

"ಬಾಗಿಲು ಎಲ್ಲೂ ಹೋಗಿಲ್ಲಮ್ಮ" ಅಂದ.

ಇಂಥವನಿಗೆ ಒಂದು ನೌಕರಿ ಸಿಕ್ಕಿತು. ಪಿಳ್ಳಮ್ಮನ ಗಂಡ ಅದೇ ಹೈಸ್ಕೂಲಿನ ಜವಾನ. ಕೆಲಸದಲ್ಲಿರುವಾಗಲೇ ತೀರಿಕೊಂಡ. ಅನುಕಂಪದ ಮೇಲೆ ಆ ಕೆಲಸ ಮಗನಿಗೆ ಬಂತು. ಆದರೆ ಪೂರ್ತಿ ಬರಲಿಲ್ಲ. ಹೆಡ್ ಮೇಡಂ ಒಳ್ಳೇ ವರದಿ ಬರೆದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಪಿಳ್ಳಮ್ಮನಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಅನ್ನ ಸೇರಲ್ಲ.

"ನೋಡು ಮಗಾ, ನಿನ್ನ ಬುದ್ಧಿ ಓಡಿಸೋಕೆ ಹೋಗಬೇಡ. ಮೇಡಂ ಏನು ಹೇಳ್ತಾರೋ ಅದನ್ನ ಹೇಳಿದ ಹಾಗೇ ಮಾಡು" ಅಂದಳು.

"ಹೇಳಿದ ಹಾಗೇ ಮಾಡ್ತೀನಮ್ಮ" ಅಂದ ಬ್ಯಾಟಪ್ಪ.

ಹೆಡ್ ಮೇಡಂ ಹೆಸರು ಪದ್ಮಲತಾ. ಮದುವೆ ಆಗಿರಲಿಲ್ಲ, ವಯಸ್ಸಾದ ತಾಯಿ ಜೊತೆ ಇದ್ದರು. ಶಾಲೆ ಅಂದರೆ ಪ್ರಾಣ, ಗಡಿಯಾರ ಅಂದರೆ ದೇವರು. ಮಕ್ಕಳು ತಡವಾಗಿ ಬಂದರೆ ಅವರಿಗೆ ಮೈಯೆಲ್ಲ ಉರಿಯೋದು. ಮೊದಲ ದಿನವೇ ಬ್ಯಾಟಪ್ಪನನ್ನ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದರು:

"ಹತ್ತು ಗಂಟೆಗೆ ಬೆಲ್ಲು ಹೊಡಿ, ಗೇಟಿಗೆ ಬೀಗ ಹಾಕು. ಆಮೇಲೆ ನಿಮ್ಮಮ್ಮನೇ ಬಂದರೂ ಒಳಗೆ ಬಿಡಬೇಡ."

ಅವತ್ತು ಪಿಳ್ಳಮ್ಮ ಸೊಪ್ಪು ಕೊಳ್ಳೋಕೆ ಸಂತೆಬೀದಿಗೆ ಹೋಗಿದ್ದಳು. ಬರೋ ಹೊತ್ತಿಗೆ ಹತ್ತೂ ಐದಾಯಿತು. ಗೇಟಿಗೆ ಬೀಗ.

"ತೆಗಿ ಮಗಾ."

"ಹತ್ತು ಗಂಟೆ ಆಯ್ತಲ್ಲಮ್ಮ."

"ನಾನು ಕಣೋ, ನಿಮ್ಮಮ್ಮ."

"ಅದಕ್ಕೇ ಬಿಡಲ್ಲ" ಅಂದ ಬ್ಯಾಟಪ್ಪ. "ಬೇರೆಯೋರ ಹೆಸರು ಮೇಡಂ ಹೇಳಲಿಲ್ಲ. ನಿನ್ನ ಹೆಸರೇ ಹೇಳಿದ್ರು."

ಪಿಳ್ಳಮ್ಮ ಬೇಡಿಕೊಂಡಳು, ಗದರಿದಳು, ಗೇಟು ಬಡಿದಳು. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ. ಅಕ್ಕಿ, ಬೇಳೆ, ಎಣ್ಣೆ ಎಲ್ಲಾ ಒಳಗೆ. ಮೇಡಂ ಪಾಠ ಮಾಡುವಾಗ ಫೋನನ್ನ ಬೀರುವಿನಲ್ಲಿಟ್ಟುಬಿಡ್ತಾರೆ. ಹೊಂಗೆ ಮರದ ಕೆಳಗೆ ಪಿಳ್ಳಮ್ಮ ಕೂತಳು, ಪಕ್ಕದಲ್ಲಿ ಸೊಪ್ಪು ಬಾಡಿತು. ಒಂದು ಗಂಟೆಗೆ ಊಟದ ಬೆಲ್ಲು ಆಯಿತು. ಇನ್ನೂರ ಮೂವತ್ತು ಮಕ್ಕಳು ತಟ್ಟೆ ಹಿಡಕೊಂಡು ಸಾಲಾಗಿ ನಿಂತವು. ಒಲೆ ತಣ್ಣಗೆ ಕೂತಿತ್ತು.

ಮೇಡಂ ಗೇಟಿಗೆ ಓಡಿ ಬಂದರು. ಆಚೆ ಕೂತ ಪಿಳ್ಳಮ್ಮನನ್ನ ನೋಡಿದರು, ಒಳಗೆ ನಿಂತ ಬ್ಯಾಟಪ್ಪನನ್ನ ನೋಡಿದರು.

"ಏನಯ್ಯಾ ಇದು?"

"ನೀವು ಹೇಳಿದ ಹಾಗೇ ಮಾಡಿದೀನಿ ಮೇಡಂ."

"ತಡವಾಗಿ ಬಂದೋರನ್ನ ಹಾಗೆ ಆಚೆ ಕೂರಿಸ್ತಾರೇನೋ ಪೆದ್ದ? ಹೆಸರು ಕೇಳು, ತರಗತಿ ಕೇಳು, ತಡ ಯಾಕಾಯ್ತು ಅಂತ ಕೇಳು, ಎಲ್ಲಾ ಪುಸ್ತಕದಲ್ಲಿ ಬರ್ಕೋ. ಮೈದಾನದಲ್ಲಿ ಒಂದು ಸುತ್ತು ಓಡಿಸು. ಆಮೇಲೆ ಒಳಗೆ ಬಿಡು."

"ಆಗಲಿ ಮೇಡಂ."

ಮಾರನೇ ದಿನ ಬಿಇಒ ಸಾಹೇಬರು ತನಿಖೆಗೆ ಬಂದರು. ಹತ್ತೂವರೆ ಗಂಟೆ. ಹೊಟ್ಟೆ ಗುಡಾಣ, ಕಾಲಿಗೆ ಬೂಟು, ಕಂಕುಳಲ್ಲಿ ಫೈಲು. ಬ್ಯಾಟಪ್ಪ ಪುಸ್ತಕ ಬಿಚ್ಚಿದ.

"ಹೆಸರು?"

"ನಾನು ಬಿಇಒ ಕಣಯ್ಯಾ."

ಬ್ಯಾಟಪ್ಪ ಬರೆದುಕೊಂಡ. "ತರಗತಿ?"

"ತರಗತಿಯಾ? ನಾನು ಎ ಗ್ರೂಪ್ ಆಫೀಸರು."

"ಎ ಸೆಕ್ಷನ್ನು" ಅಂತ ಬರೆದುಕೊಂಡ. "ತಡ ಯಾಕಾಯ್ತು?"

"ಜೀಪು ಪಂಕ್ಚರ್ ಆಗಿತ್ತು" ಅಂದುಬಿಟ್ಟರು ಸಾಹೇಬರು. ಯಾಕೆ ಹೇಳಿದೆ ಅಂತ ಅವರಿಗೇ ಗೊತ್ತಾಗಲಿಲ್ಲ. ಗೇಟು ತೆರೀತು. ಸಾಹೇಬರು ಆಫೀಸಿನ ಕಡೆ ಹೆಜ್ಜೆ ಇಟ್ಟರು. ಬ್ಯಾಟಪ್ಪ ಕೈ ಹಿಡಕೊಂಡ. "ಆ ಕಡೆ ಅಲ್ಲ, ಈ ಕಡೆ" ಅಂದ. ಹಿಡಿದ ಕೈ ಬಿಡದೆ ಓಡಿದ. ಆರಡಿ ಆಳು ಎಳಕೊಂಡು ಓಡಿದರೆ ಓಡದೆ ಏನು ಮಾಡ್ತಾರೆ? ಸಾಹೇಬರೂ ಓಡಿದರು. ಫೈಲಿನ ಕಾಗದ ಒಂದೊಂದೇ ಹಾರಿಹೋದವು.

ಅಡುಗೆಮನೆ ಕಿಟಕಿಯಲ್ಲಿ ಬೇಳೆ ಆರಿಸ್ತಾ ಇದ್ದ ಪಿಳ್ಳಮ್ಮನ ಕೈಯಿಂದ ಮೊರ ಜಾರಿಬಿತ್ತು. ಅವಳು ಕೂಗಿ, ಮೇಡಂ ಈಚೆ ಬಂದು, ಮೇಷ್ಟ್ರುಗಳು ಓಡಿ ಹೋಗೋ ಹೊತ್ತಿಗೆ ಸುತ್ತು ಮುಗಿದೇ ಹೋಗಿತ್ತು. ಸಾಹೇಬರು ಧ್ವಜದ ಕಟ್ಟೆ ಮೇಲೆ ಕೂತು ಅಂಗಿ ಗುಂಡಿ ಬಿಚ್ಚಿಕೊಂಡಿದ್ದರು.

"ಈಗ ಒಳಗೆ ಹೋಗಬಹುದು" ಅಂತ ಅವರಿಗೆ ಹೇಳಿದ ಬ್ಯಾಟಪ್ಪ.

ಮೇಡಂ ಕೈ ಮುಗಿದು, ಕ್ಷಮೆ ಕೇಳಿ, ಎಳನೀರು ಕುಡಿಸಿ ಸಾಹೇಬರನ್ನ ಜೀಪು ಹತ್ತಿಸಿದರು. ಆಮೇಲೆ ಬ್ಯಾಟಪ್ಪನ ಕಡೆ ತಿರುಗಿದರು.

"ನೀವು ಹೇಳಿದ ಹಾಗೇ ಮಾಡಿದೀನಿ ಮೇಡಂ."

"ದೊಡ್ಡೋರನ್ನ ಓಡಿಸ್ತಾರೇನೋ? ದೊಡ್ಡೋರು ಬಂದರೆ ಕುರ್ಚಿ ಹಾಕಬೇಕು, ನೀರು ಕೊಡಬೇಕು, ಬನ್ನಿ, ಇದು ನಿಮ್ಮದೇ ಶಾಲೆ ಅನ್ನಬೇಕು."

"ಆಗಲಿ ಮೇಡಂ."

ಮಾರನೇ ದಿನ ಹತ್ತನೇ ತರಗತಿಯ ನಾಲ್ಕು ಹುಡುಗರು ಹನ್ನೊಂದು ಗಂಟೆಗೆ ಬಂದರು. ಶಾಲೆಯಲ್ಲಿ ಅವರಿಗಿಂತ ದೊಡ್ಡೋರು ಯಾರಿದ್ದಾರೆ? ಮೀಸೆ ಬೇರೆ ಚಿಗುರಿತ್ತು. ಬ್ಯಾಟಪ್ಪ ಮೇಷ್ಟ್ರುಗಳ ಕೋಣೆಯಿಂದ ನಾಲ್ಕು ಕುರ್ಚಿ ತಂದು ಹಾಕಿದ. ನೀರು ಕೊಟ್ಟ. "ಬನ್ನಿ, ಇದು ನಿಮ್ಮದೇ ಶಾಲೆ" ಅಂದ. ಅದರ ಮಾರನೇ ದಿನ ಹನ್ನೊಂದು ಗಂಟೆಗೆ ಬಂದವರು ಐವತ್ತು ಜನ. ಕುರ್ಚಿ ಸಾಲದೆ ಬ್ಯಾಟಪ್ಪ ಮೇಡಂ ಕುರ್ಚಿಯನ್ನೂ ಹೊತ್ತು ತಂದಿದ್ದ. ಮೇಡಂ ನಿಂತುಕೊಂಡೇ ಹಾಜರಿ ಪುಸ್ತಕ ನೋಡಿದರು. ಹತ್ತನೇ ತರಗತಿಯ ಮೂವರ ಹಾಜರಾತಿ ಮುಕ್ಕಾಲು ಭಾಗಕ್ಕಿಂತ ಕೆಳಗಿಳಿದಿತ್ತು. ಹೀಗೇ ಆದರೆ ಅವರು ಪಬ್ಲಿಕ್ ಪರೀಕ್ಷೆಗೆ ಕೂರೋ ಹಾಗಿಲ್ಲ.

"ಪಿಳ್ಳಮ್ಮ, ನಿನ್ನ ಮಗನ ವರದಿ ಈ ವಾರ ಕಳಿಸಬೇಕು. ನಾನು ಏನಂತ ಬರೀಲಿ ನೀನೇ ಹೇಳು" ಅಂದರು.

ಪಿಳ್ಳಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. "ಇನ್ನೊಂದು ಕೆಲಸ ಹೇಳಿ ನೋಡಿ ತಾಯಿ. ಸರಿಯಾಗಿ ಹೇಳಿ, ಸರಿಯಾಗಿ ಮಾಡ್ತಾನೆ."

ಮೇಡಂ ಯೋಚನೆ ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಈ ಚೀಟಿಯಲ್ಲಿ ಮೂರು ಹೆಸರಿವೆ. ಈ ಮೂವರು ಎಲ್ಲೇ ಇರಲಿ, ಏನೇ ಮಾಡ್ತಿರಲಿ, ಕರ್ಕೊಂಡು ಬಂದು ಬೆಂಚಿನ ಮೇಲೆ ಕೂರಿಸು. ಜ್ವರ ಅಂತಾರೆ, ಮದುವೆ ಅಂತಾರೆ, ನೂರು ನೆಪ ಹೇಳ್ತಾರೆ. ಯಾವುದಕ್ಕೂ ಕಿವಿ ಕೊಡಬೇಡ."

"ಆಗಲಿ ಮೇಡಂ."

ಬ್ಯಾಟಪ್ಪ ಸೈಕಲ್ಲು ಹತ್ತಿದ. ಅರ್ಧ ಗಂಟೆಗೆ ಒಬ್ಬನನ್ನ ತಂದ. ಕ್ಷೌರದ ಅಂಗಡಿಯಲ್ಲಿ ಸಿಕ್ಕಿದನಂತೆ, ತಲೆ ಅರ್ಧ ಬೋಳು, ಅರ್ಧ ಕೂದಲು. ಇನ್ನರ್ಧ ಗಂಟೆಗೆ ಇನ್ನೊಬ್ಬನನ್ನ ಕಂಬಳಿ ಸಮೇತ ಹೆಗಲ ಮೇಲೆ ಹೊತ್ತು ತಂದ. ಅವನಿಗೆ ನಿಜವಾಗಿಯೂ ಜ್ವರ. ಪಿಳ್ಳಮ್ಮ ಆ ಹುಡುಗನ ಹಣೆ ಮುಟ್ಟಿ ನೋಡಿ, ಇವತ್ತಿಗೆ ನನ್ನ ಮಗನ ನೌಕರಿ ಮುಗೀತು ಅಂದುಕೊಂಡಳು. ಅವನಿಗೆ ಗಂಜಿ ಕಾಯಿಸ್ತಾ ಇದ್ದಾಗ ಸೈಕಲ್ಲಿನ ಗಂಟೆ ಕೇಳಿಸಿತು. ತಿರುಗಿ ನೋಡಿದಳು. ಸೌಟು ಹಿಡಿದ ಕೈ ಹಾಗೇ ನಿಂತಿತು.

ಬ್ಯಾಟಪ್ಪ ಸೈಕಲ್ಲು ತುಳೀತಾ ಇದ್ದಾನೆ. ಹಿಂದೆ ಕ್ಯಾರಿಯರ್ ಮೇಲೆ ಮದುಮಗಳು. ಧಾರೆ ಸೀರೆ, ಹಣೆಗೆ ಬಾಸಿಂಗ, ಕೊರಳಲ್ಲಿ ಹೂವಿನ ಹಾರ. ಅವರ ಹಿಂದೆ ಧೂಳೆಬ್ಬಿಸಿಕೊಂಡು ಮದುವೆ ದಿಬ್ಬಣ. ಪುರೋಹಿತ ಪಂಚೆ ಎತ್ತಿ ಕಟ್ಟಿ ಓಡ್ತಾ ಇದ್ದಾನೆ. ಬಾಸಿಂಗ ಕಟ್ಟಿದ ಗಂಡು ಓಡ್ತಾ ಇದ್ದಾನೆ. ವಾಲಗದೋರೂ ಓಡ್ತಾ ಇದ್ದಾರೆ.

ಆ ಹುಡುಗಿ ಸುಗುಣ. ಹತ್ತನೇ ತರಗತಿ, ಹದಿನೈದು ವರ್ಷ. ಗುಡಿಯಲ್ಲಿ ನಡೆದದ್ದನ್ನ ಆಮೇಲೆ ಅವಳೇ ಪಿಳ್ಳಮ್ಮನಿಗೆ ಹೇಳಿದಳು. ತಾಳಿ ಕಟ್ಟೋಕೆ ಇನ್ನೇನು ಕಾಲು ಗಂಟೆ ಇತ್ತಂತೆ. ಬ್ಯಾಟಪ್ಪ ಹಸೆಮಣೆ ಹತ್ತಿರ ಬಂದು, "ಏಳಮ್ಮ ಸುಗುಣ, ಹಾಜರಿ ಕೂಗ್ತಾ ಇದ್ದಾರೆ" ಅಂದನಂತೆ. ಅವಳಪ್ಪ ದ್ಯಾವಪ್ಪ, "ಮದುವೆ ನಡೀತಾ ಇದೆ ಕಾಣಲ್ವೇನಯ್ಯಾ" ಅಂದನಂತೆ. "ಮದುವೆ ಅಂತ ಹೇಳ್ತಾರೆ, ಕಿವಿ ಕೊಡಬೇಡ ಅಂದಿದ್ದಾರೆ ಮೇಡಂ" ಅಂತ ಬ್ಯಾಟಪ್ಪ ಎರಡು ಕಿವಿಗೂ ಬೆರಳಿಟ್ಟುಕೊಂಡನಂತೆ. ಬೇಡ ಅಂತ ಎಂಟು ದಿನ ಅತ್ತಿದ್ದ ಹುಡುಗಿ. ಅವಳ ಅಳು ಕೇಳದ ಕಿವಿಗಳೇ ಮನೆ ತುಂಬ. ಇಲ್ಲೊಬ್ಬ ಅವಳಪ್ಪನ ಮಾತೇ ಕೇಳಿಸಿಕೊಳ್ಳದೆ ನಿಂತಿದ್ದಾನೆ. ಅವಳು ಎದ್ದಳು. ಸೀರೆ ನೆರಿಗೆ ಎತ್ತಿ ಹಿಡಿದು, ತಾನೇ ಹೋಗಿ ಸೈಕಲ್ಲಿನ ಮೇಲೆ ಕೂತಳು.

ಸೈಕಲ್ಲು ಗೇಟು ದಾಟಿತು. ದಿಬ್ಬಣ ಹತ್ತಿರ ಬಂತು. ಆಗ ಪಿಳ್ಳಮ್ಮ ಏನು ಮಾಡಿದಳು ಅಂದರೆ, ಸೌಟು ಹಿಡಕೊಂಡೇ ಓಡಿ ಹೋಗಿ ಗೇಟು ಎಳೆದು ಬೀಗ ಹಾಕಿದಳು. ಅವಳಿಗೂ ಹದಿನಾಲ್ಕಕ್ಕೇ ತಾಳಿ ಬಿದ್ದಿತ್ತು. ಮಗ ಮಾಡಿದ್ದು ಸರಿಯೋ ತಪ್ಪೋ ಯೋಚನೆ ಮಾಡಲಿಲ್ಲ. ಕೈ ತಾನಾಗೇ ಮಾಡಿತು, ಅಷ್ಟೆ.

"ನನ್ನ ಮಗಳನ್ನ ಕಳಿಸು" ಅಂದ ದ್ಯಾವಪ್ಪ.

"ಶಾಲೆ ಬಿಟ್ಟಿಲ್ಲ" ಅಂದಳು ಪಿಳ್ಳಮ್ಮ.

ಅಷ್ಟರಲ್ಲಿ ಬ್ಯಾಟಪ್ಪ ಹುಡುಗಿಯನ್ನ ಬೆಂಚಿನ ಮೇಲೆ ಕೂರಿಸಿಯೂ ಆಗಿತ್ತು. ಮೇಡಂ ತರಗತಿಗೆ ಬಂದು ನೋಡಿ, ಬಾಗಿಲ ಚೌಕಟ್ಟು ಹಿಡಕೊಂಡರು. ತಮ್ಮ ಶಾಲೆಯ ಹುಡುಗಿಗೆ ಊರೊಳಗೇ ಮದುವೆ. ಹಾಜರಿ ಪುಸ್ತಕದಲ್ಲಿ ತಾವು ಎಂಟು ದಿನದಿಂದ ಬರೀ ಗೈರು, ಗೈರು ಅಂತ ಬರೀತಾ ಕೂತಿದ್ದಾರೆ. ಯಾಕೆ ಅಂತ ಒಂದು ದಿನ ಮನೆಗೆ ಹೋಗಿ ಕೇಳಿಲ್ಲ. ಹೋದವನು ಈ ಪೆದ್ದ.

ಮೇಡಂ ಪುಸ್ತಕ ತೆರೆದು ಹೆಸರು ಕೂಗಿದರು.

"ಪ್ರೆಸೆಂಟ್ ಮಿಸ್" ಅಂದಳು ಸುಗುಣ. ಬಾಸಿಂಗ ಇನ್ನೂ ಹಣೆ ಮೇಲೇ ಇತ್ತು.

ಮೇಡಂ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಅಧಿಕಾರಿಗಳು ಬಂದರು, ಪೊಲೀಸರು ಬಂದರು. ಗಂಡಿನ ಕಡೆಯೋರು ಬಂದ ದಾರಿಯಲ್ಲೇ ಕರಗಿಹೋದರು. ಮಗಳಿಗೆ ಹದಿನೆಂಟು ತುಂಬೋವರೆಗೂ ಮದುವೆ ಮಾಡಲ್ಲ ಅಂತ ದ್ಯಾವಪ್ಪ ಮುಚ್ಚಳಿಕೆ ಬರೆದುಕೊಡೋಕೆ ಒಪ್ಪಿದ. ಸುಗುಣ ಧಾರೆ ಸೀರೆಯಲ್ಲೇ ಸಾಲಿನಲ್ಲಿ ನಿಂತು ಅನ್ನ ಸಾರು ಉಂಡಳು. ಎರಡು ಸಲ ಬಡಿಸಿಕೊಂಡಳು.

ಮೇಡಂ ಕೂತಲ್ಲೇ ವರದಿ ಬರೆದರು. "ಈತ ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡುತ್ತಾನೆ. ಕಾಯಂ ಮಾಡಬಹುದು" ಅಂತ ಬರೆದು, ಸಹಿ ಹಾಕಿ, ಲಕೋಟೆ ಅಂಟಿಸಿ, ಆಗಲೇ ಇಲಾಖೆಯ ಜೀಪಿನಲ್ಲಿ ಕಳಿಸಿಕೊಟ್ಟರು. ಸಂಜೆವರೆಗೆ ಕಾದಿದ್ದರೆ ಏನು ಬರೀತಿದ್ದರೋ, ನಾನು ಕಾಣೆ.

ಸುಗುಣ, ಅವಳ ಅಪ್ಪ ಅಮ್ಮ, ಅಧಿಕಾರಿಗಳು ಎಲ್ಲಾ ಹೇಳಿಕೆ ಬರೆಸೋಕೆ ತಾಲ್ಲೂಕಿಗೆ ಹೊರಟರು. ಮೇಡಂ ಕೂಡ ಜೊತೆಗೆ ಹೊರಟರು. ತಾವಿಲ್ಲದಾಗ ಇನ್ನೊಬ್ಬ ಅಪ್ಪ ಬಂದು ಮಗಳನ್ನ ಮದುವೆಗೆ ಕರ್ಕೊಂಡು ಹೋದರೆ ಅಂತ ಅವರಿಗೆ ಭಯ. ಗೇಟಿನ ಹತ್ತಿರ ನಿಂತು ಹೇಳಿದರು:

"ಬ್ಯಾಟಪ್ಪ, ಇವತ್ತು ಬೈಯಲ್ಲ. ಇದೊಂದು ಮಾತು ನೆನಪಿಡು. ನಾವು ಹೋದಮೇಲೆ ಯಾರನ್ನೇ ಆಗಲಿ ರಜಾ ಚೀಟಿ ಇಲ್ಲದೆ ಈ ಗೇಟು ದಾಟಿಸಬೇಡ. ಚೀಟಿಯಲ್ಲಿ ತಂದೆ ತಾಯಿ ಸಹಿ ಇರಬೇಕು, ನನ್ನ ಸಹಿಯೂ ಇರಬೇಕು."

"ಆಗಲಿ ಮೇಡಂ."

ನಾಲ್ಕೂವರೆಗೆ ಬ್ಯಾಟಪ್ಪನೇ ಶಾಲೆ ಬಿಡೋ ಬೆಲ್ಲು ಹೊಡೆದ. ಮಕ್ಕಳು ಹೋ ಅಂತ ಗೇಟಿಗೆ ಬಂದವು. ಬ್ಯಾಟಪ್ಪ ಬೀಗದ ಕೈ ಜೇಬಿಗೆ ಹಾಕಿ, ಗೇಟಿಗೆ ಬೆನ್ನು ಕೊಟ್ಟು ನಿಂತ.

"ಚೀಟಿ" ಅಂದ.

ಮೇಷ್ಟ್ರುಗಳು ಹೇಳಿದರು, ಕೇಳಲಿಲ್ಲ. ಪಿಳ್ಳಮ್ಮ ಹೇಳಿದಳು, ಕೇಳಲಿಲ್ಲ. ಐದು ಗಂಟೆಗೆ ತಾಯಿ ತಂದೆಯರು ಮಕ್ಕಳನ್ನ ಹುಡುಕಿಕೊಂಡು ಬಂದರು. ಗೇಟಿನ ಕಂಬಿ ಸಂದಿಯಿಂದ ಮಕ್ಕಳು ಹಾಳೆ ಹರಿದು ಆಚೆ ಕೊಟ್ಟರು, ಅವರು ಸಹಿ ಹಾಕಿ ಒಳಗೆ ಕೊಟ್ಟರು. ಅರ್ಧ ಚೀಟಿ ಆಯಿತು. ಇನ್ನರ್ಧಕ್ಕೆ ಮೇಡಂ ಬೇಕು.

ಆರು ಗಂಟೆಗೆ ಮೇಡಂ ಬಂದರು. ಊರಿಗೆ ಊರೇ ಶಾಲೆ ಮುಂದೆ ನಿಂತಿರೋದು ನೋಡಿ ಬೆಂಕಿ ಬಿತ್ತೋ ಏನೋ ಅಂತ ಎದೆ ಹಿಡಕೊಂಡರು. ಬ್ಯಾಟಪ್ಪ ಅವರನ್ನ ಒಳಗೆ ಬಿಟ್ಟು, ಮತ್ತೆ ಬೀಗ ಹಾಕಿದ. ಮೇಡಂ ಅವನ ಮುಖ ನೋಡಿದರು. ಇವತ್ತು ಬೈಯಲ್ಲ ಅಂದಿದ್ದು ನೆನಪಾಯಿತು. ಮೆಟ್ಟಿಲ ಮೇಲೆ ಕೂತು ಇನ್ನೂರಕ್ಕೂ ಮಿಕ್ಕಿದ ಚೀಟಿಗೆ ಸಹಿ ಹಾಕಿದರು. ಮಕ್ಕಳು ಒಬ್ಬೊಬ್ಬರಾಗಿ ಆಚೆ ಹೋದರು. ಮೇಷ್ಟ್ರುಗಳೂ ಮನೆಯಿಂದ ಅಪ್ಪನನ್ನೋ ಅಮ್ಮನನ್ನೋ ಕರೆಸಿ, ಚೀಟಿ ಕೊಟ್ಟು ಹೋದರು.

ಕೊನೆಗೆ ಮೇಡಂ ಕೈಚೀಲ ತಗೊಂಡು ಎದ್ದರು.

"ಚೀಟಿ" ಅಂದ ಬ್ಯಾಟಪ್ಪ.

ಪಿಳ್ಳಮ್ಮ ಹಣೆ ಚಚ್ಚಿಕೊಂಡಳು. ಮೇಡಂ ಕೈ ಸನ್ನೆ ಮಾಡಿ ಅವಳನ್ನ ಸುಮ್ಮನಿರಿಸಿದರು. ಹಾಳೆ ತಗೊಂಡು ಬರೆದು, ಕೆಳಗೆ ಸಹಿ ಹಾಕಿಕೊಟ್ಟರು.

"ಇದು ನಿಮ್ಮ ಸಹಿ. ತಾಯಿ ಸಹಿ ಎಲ್ಲಿ?" ಅಂದ ಬ್ಯಾಟಪ್ಪ.

ಕತ್ತಲಾಗೋ ಹೊತ್ತಿಗೆ ಗೇಟಿನ ಮುಂದೆ ಒಂದು ಆಟೋ ಬಂದು ನಿಂತಿತು. ಎಂಬತ್ತಮೂರು ವರ್ಷದ ಅಜ್ಜಿ ಕೋಲೂರಿಕೊಂಡು ಇಳಿದರು. ಕಂಬಿ ಸಂದಿಯಿಂದ ಚೀಟಿ ತಗೊಂಡು, ಕಣ್ಣಿನ ಹತ್ತಿರ ಹಿಡಿದು, ಸಹಿ ಹಾಕಿದರು. ಆಮೇಲೆ ಒಳಗೆ ತಲೆ ತಗ್ಗಿಸಿ ನಿಂತ ಮಗಳ ಕಡೆ ನೋಡಿ, ಗಾಬರಿಯಿಂದ ಬ್ಯಾಟಪ್ಪನನ್ನ ಕೇಳಿದರು.

"ಏನು ತಪ್ಪು ಮಾಡಿದ್ಲಪ್ಪ ನಮ್ಮ ಹುಡುಗಿ?"

"ಏನಿಲ್ಲ ಅಜ್ಜಿ" ಅಂದ ಬ್ಯಾಟಪ್ಪ ಬೀಗ ತೆಗೀತಾ. "ಒಳ್ಳೇ ಹುಡುಗಿ. ದಿನಾ ಬರ್ತಾಳೆ."