ಗೋಡೆಯಾಚೆಯ ಬಾವಿ

“ಗುರುಗಳೇ, ಪಟ್ಟಣದವರು ಉಂಡು ಚೆಲ್ಲಿಯೇ ಭೂಮಿ ಕೆಡಿಸಿದರು ಎನ್ನುತ್ತೀರಿ. ಆ ಕೇಡನ್ನು ಸ್ವತಃ ಉಂಡವನಾದರೂ ಬುದ್ಧಿ ಕಲಿಯುವುದಿಲ್ಲವೇ?” ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಗುರುಗಳು ನಕ್ಕರು. ಸಂತೋಷದ ನಗುವಲ್ಲ ಅದು. ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣವಿತ್ತು. ರಾತ್ರಿ ಅನ್ನದ ಗಡಿಗೆ ಬರಿದಾದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ ಎಂದು ಅಲ್ಲಿಯವರ ನಂಬಿಕೆ. ಹಾಗಾಗಿ ಪ್ರತಿ ಮನೆಯಲ್ಲೂ ಒಂದು ಹಿಡಿ ಅನ್ನ ಉಳಿಸಿ ಮಲಗುತ್ತಿದ್ದರು. ಒಳ್ಳೆಯ ನಂಬಿಕೆಯೇ. ಅವರ ಅಜ್ಜಂದಿರು ಬೆಳಿಗ್ಗೆ ಅದಕ್ಕೆ ಮಜ್ಜಿಗೆ ಸುರಿದು ಉಣ್ಣುತ್ತಿದ್ದರು. ಮಿಕ್ಕಿದ್ದು ಕಲಗಚ್ಚಿನ ಜೊತೆ ದನದ ಹೊಟ್ಟೆ ಸೇರುತ್ತಿತ್ತು. ಮೊಮ್ಮಕ್ಕಳಿಗೆ ದನವಿಲ್ಲ, ತಂಗಳು ಉಂಡರೆ ಮಾನ ಹೋಗುತ್ತದೆ. ಬೆಳಗಾದರೆ ಎಲ್ಲರೂ ಅದನ್ನು ಕೋಟೆಗೋಡೆಯಾಚೆ ಸುರಿದು ಬರುತ್ತಿದ್ದರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಆ ಊರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಹಣ ಕೂಡಿಡುವಾಗ ಮಾತ್ರ ನೆನಪಾಗುತ್ತಿತ್ತು.

ಗೋಡೆಯಾಚೆ ಒಬ್ಬ ರೈತನ ಗದ್ದೆ. ಪಟ್ಟಣ ಉಣ್ಣುವ ಅಕ್ಕಿ ಬೆಳೆಯುತ್ತಿದ್ದವನು ಅವನೇ. ಸುರಿದ ಅನ್ನ ಗುಡ್ಡವಾಗಿ ಕೊಳೆಯಿತು. ಕೊಳೆತ ರಸ ಇಳಿದು ಅವನ ಬಾವಿ ಸೇರಿತು. ಆ ನೀರು ಕುಡಿದು ಎಳೆಯ ಮಗಳು ಹಾಸಿಗೆ ಹಿಡಿದಳು. ಹೆತ್ತ ಕರುಳು ಸುಮ್ಮನಿದ್ದೀತೇ? ರೈತ ಪಟ್ಟಣಕ್ಕೆ ಓಡಿದ, ಒಂದೊಂದು ಬಾಗಿಲಲ್ಲೂ ನಿಂತು ಇನ್ನು ಸುರಿಯಬೇಡಿ ಎಂದು ಕೈಮುಗಿದ. ಯಾರೂ ಗದರಲಿಲ್ಲ. ಅಯ್ಯೋ ಪಾಪ ಎಂದರು, ಕೂರಿಸಿ ಕುಡಿಯಲು ಒಳ್ಳೆಯ ನೀರು ಕೊಟ್ಟರು. ಒಬ್ಬ ವ್ಯಾಪಾರಿ ಮಾತ್ರ ಎಲ್ಲರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಕೇಳಿದ.

“ನನ್ನ ಮನೆಯ ಒಂದು ಹಿಡಿಯಿಂದ ನಿನ್ನ ಬಾವಿ ಕೆಟ್ಟಿತೇನಪ್ಪಾ?”

“ಇಲ್ಲ ಧಣಿ,” ಎಂದ ರೈತ. ಅವನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ.

ಅವನು ಮನೆ ಮುಟ್ಟುವಷ್ಟರಲ್ಲಿ ಮಗಳು ಹೋಗಿಬಿಟ್ಟಿದ್ದಳು.

ಆ ಗದ್ದೆಯ ಮುಖ ನೋಡಲಾರದೆ ಅದನ್ನು ಮಕ್ಕಳಿರುವ ಇನ್ನೊಬ್ಬ ರೈತನಿಗೆ ಬಿಟ್ಟುಕೊಟ್ಟು, ರೈತ ಹೆಂಡತಿಯೊಡನೆ ಪಟ್ಟಣ ಸೇರಿದ. ಅದೇ ವ್ಯಾಪಾರಿಯ ಅಂಗಡಿಯಲ್ಲಿ ಮೂಟೆ ಹೊತ್ತ. ನಿಧಾನವಾಗಿ ಎರಡು ಹೊತ್ತಿನ ಊಟಕ್ಕೆ ಕೊರತೆಯಿಲ್ಲದಂತಾಯಿತು. ನೆರೆಯವರು ಹೇಳಿದರೆಂದು ಹೆಂಡತಿ ಒಂದು ರಾತ್ರಿ ಗಡಿಗೆಯಲ್ಲಿ ಅನ್ನ ಉಳಿಸಿದಳು. ಬೆಳಿಗ್ಗೆ ಅವನೇ ಅದನ್ನು ಗೋಡೆಯ ಬಳಿಗೆ ಒಯ್ದ. ಸ್ವಲ್ಪ ಹೊತ್ತು ನಿಂತ. ಆಮೇಲೆ ಸುರಿದು ಬಂದ.

ಚನ್ನಮಲ್ಲನಿಗೆ ಸಂಕಟ ತಡೆಯಲಾಗಲಿಲ್ಲ. “ಅವನಿಗೆ ಬಾವಿಯ ನೆನಪಾಗಲಿಲ್ಲವೇ ಗುರುಗಳೇ?”

“ಆಯಿತು ಮಗು. ಆದರೆ ಬಾವಿ ಆಗ ಇನ್ನೊಬ್ಬನದಾಗಿತ್ತು.”