ಆನೆಯ ಮೇಲೆ ಇಂಗ್ಲಿಷ್ ಪರೀಕ್ಷೆ

"ಇಂಗ್ಲಿಷ್ ಬಾರದವನಿಗೆ ಹಾಕುವ ಅನ್ನ ದಂಡ, ಮಹಾಸ್ವಾಮಿ! ಅರಮನೆಯವರಿಗೆಲ್ಲ ಪರೀಕ್ಷೆ ಇಡುತ್ತೇನೆ" ಎಂದರು ಹುಲಿಕುಂಟೆ ಸಂಸ್ಥಾನದ ಹೊಸ ಇಂಗ್ಲಿಷ್ ಮೇಷ್ಟ್ರು ಶೇಷಾಚಲಯ್ಯ. ನಮ್ಮ ದೊರೆಗೋ ಹೊಸದೆಂದರೆ ಹುಚ್ಚು. "ಆಗಲಿ" ಅಂದೇಬಿಟ್ಟರು.

ಮೊದಲು ಸಿಕ್ಕವನು ಮಾವುತ ಮಸ್ತಾನ್. ಮೂವತ್ತು ವರ್ಷ ಅರಮನೆ ಆನೆ ಗೌರಿಯನ್ನು ಸಾಕಿದವನು, ಪಾಪ.

"ಬ್ರೆತ್, ಬ್ರೀದ್. ಏನು ವ್ಯತ್ಯಾಸ?"

"ಗೊತ್ತಿಲ್ಲ ಸ್ವಾಮಿ."

"ಬ್ರೆತ್ ಅಂದರೆ ಉಸಿರು, ನಾಮಪದ. ಬ್ರೀದ್ ಅಂದರೆ ಉಸಿರಾಡು, ಕ್ರಿಯಾಪದ. ತಿಳಿಯಿತೋ?"

"ಎರಡಕ್ಕೂ ಮೂಗು ಒಂದೇ ಅಲ್ವಾ ಸ್ವಾಮಿ?"

"ಫೇಲ್! ಇವತ್ತಿಗೇ ನಿನ್ನ ಕೆಲಸ ಮುಗೀತು!"

ಮಸ್ತಾನ್ ಅಳುತ್ತಾ ವಿದೂಷಕ ತಿರುಮಳಯ್ಯನ ಬಳಿ ಓಡಿದ. "ಕೆಲಸ ಹೋದರೆ ಹೋಗಲಿ ಬುದ್ಧಿ. ಗೌರಿ ನನ್ನ ಕೈತುತ್ತು ಬಿಟ್ಟು ಬೇರೆ ಮುಟ್ಟಲ್ಲ. ಸತ್ತೇ ಹೋಗುತ್ತೆ."

ತಿರುಮಳಯ್ಯ ಅವನ ಬೆನ್ನು ತಟ್ಟಿ, ನೆಟ್ಟಗೆ ದೊರೆಯ ಬಳಿ ಹೋದ. "ಮಹಾಸ್ವಾಮಿ, ಇಂಥ ಪಂಡಿತರು ಸಿಗುತ್ತಾರೆಯೇ? ನಮ್ಮ ಪದ್ಧತಿಯಂತೆ ಆನೆ ಮೇಲೆ ಕೂರಿಸಿ ಶಾಲು ಹೊದಿಸಬೇಡವೇ?"

ಮೇಷ್ಟ್ರು ಉಬ್ಬಿಹೋದರು. ಸಂಜೆ ಅಂಗಳದಲ್ಲಿ ಮಸ್ತಾನ್ "ಕೂತ್ಕೋ ಮಗಳೇ" ಅಂದ, ಗೌರಿ ಮಂಡಿಯೂರಿತು, ಮೇಷ್ಟ್ರು ಏರಿದರು. ಗೌರಿ ಎದ್ದು ನಿಂತದ್ದೇ ತಡ, ತಿರುಮಳಯ್ಯ ಗದರಿದ: "ಮಸ್ತಾನ್, ನಿನ್ನ ಕೆಲಸ ಮುಗೀತಲ್ಲ, ಮನೆಗೆ ನಡಿ!"

ಮಸ್ತಾನ್ ಹೊರಟ. ಗೌರಿ ತಿರುಗಿ ನೋಡಿತು. ಅವನಿಲ್ಲ! ಸೊಂಡಿಲೆತ್ತಿ ಘೀಳಿಟ್ಟು, ದಿನವೂ ಅವನು ಮೀಯಿಸುತ್ತಿದ್ದ ಕೆರೆಯ ಕಡೆ ಹೆಜ್ಜೆ ಹಾಕಿತು.

"ಅಯ್ಯೋ! ಇಳಿಸ್ರಪ್ಪೋ!"

"ಇಳಿಸೋನು ಫೇಲಾಗಿದ್ದಾನಲ್ಲ ಸ್ವಾಮಿ! ಪಾಸಾದವರು ನೀವೇ ಹೇಳಿ ನೋಡಿ."

"ಸಿಟ್! ಸಿಟ್ ಡೌನ್! ಪ್ಲೀಸ್!"

ಗೌರಿ ನೀರಿಗಿಳಿಯಿತು. ಮೇಷ್ಟ್ರ ಪಂಚೆ ತೊಯ್ದಿತು, ಪೇಟ ತೇಲಿಹೋಯಿತು.

"ಮಸ್ತಾನ್ ಸಾಹೇಬರನ್ನು ಕರೆಸಿ! ಅವರು ಪಾಸು! ಫಸ್ಟ್ ಕ್ಲಾಸು!"

ಮನೆಗೆ ಹೋಗದೆ ಕೆರೆ ದಂಡೆಯ ಮರದ ಮರೆಯಲ್ಲೇ ನಿಂತಿದ್ದ ಮಸ್ತಾನ್ ಓಡಿಬಂದು "ಬಾ ಮಗಳೇ" ಅಂದ. ಗೌರಿ ದಡಕ್ಕೆ ಬಂದು ಮಂಡಿಯೂರಿತು. ಮೇಷ್ಟ್ರು ಜಾರಿ ನೆಲಕ್ಕೆ ಬಿದ್ದು, ಕೂತಲ್ಲೇ ಏದುಸಿರು ಬಿಡತೊಡಗಿದರು.

ಆನೆಯ ಹಿಂದೆಯೇ ಕೆರೆಗೆ ಬಂದಿದ್ದ ದೊರೆ ನಗು ತಡೆದುಕೊಂಡು, "ಉತ್ತರ ಹೇಳದೆ ಪಾಸು ಹೇಗಪ್ಪಾ, ತಿರುಮಳಯ್ಯ?" ಎಂದರು.

"ಹೇಳೋ ಮಸ್ತಾನ್, ಕಣ್ಣೆದುರೇ ಇದೆಯಲ್ಲ!"

ಮಸ್ತಾನ್ ಮೇಷ್ಟ್ರನ್ನೇ ಒಂದು ಗಳಿಗೆ ನೋಡಿದ. "ಆನೆ ಮೇಲಿದ್ದಾಗ ಸ್ವಾಮಿಗಳದು ಹೋಗೋದರಲ್ಲಿತ್ತಲ್ಲ ಬುದ್ಧಿ, ಅದು ಬ್ರೆತ್. ಈಗ ಕೂತು ಮಾಡ್ತಾ ಇದ್ದಾರಲ್ಲ, ಅದು ಬ್ರೀದ್."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಲು ಮಸ್ತಾನನ ಹೆಗಲಿಗೆ ಬಿತ್ತು. ಗೌರಿ ಅದರ ಅಂಚನ್ನು ಬಾಯಿಗಿಟ್ಟು ರುಚಿ ನೋಡುತ್ತಿತ್ತು.